ಬುಧವಾರದ ಆಕಾಶ

ನಮ್ಮ ರೇಡಿಯೊ ಕೇಂದ್ರದಲ್ಲಿ ನಾನು ಯಾವಾಗಲೂ ಒಂದು ದಿನ ಮುಂದೆ ಬದುಕುತ್ತೇನೆ. ಸೋಮವಾರ ಮಧ್ಯಾಹ್ನ ಮಂಗಳವಾರದ ಮಾತನ್ನು ಮುಗಿಸಿರುತ್ತೇನೆ, ಮಂಗಳವಾರ ಮಧ್ಯಾಹ್ನ ಬುಧವಾರದ್ದನ್ನು. ‘ಬೆಳಗಿನ ನಾಲ್ಕು’ ನನ್ನ ಕಾರ್ಯಕ್ರಮ. ಲೋಕದ ಸುದ್ದಿಯಿಂದ ಒಂದು, ಕಲೆಯಿಂದ ಒಂದು, ಭೂಗೋಳದಿಂದ ಒಂದು, ವಿಜ್ಞಾನದಿಂದ ಒಂದು, ಹೀಗೆ ನಾಲ್ಕು ಸಂಗತಿ. ಬೆಳಿಗ್ಗೆ ಏಳಕ್ಕೆ ಐದೇ ನಿಮಿಷ. ಎಲ್ಲವೂ ಹಿಂದಿನ ದಿನ ಎರಡನೇ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾಗಿ, ಕೇಳಿ, ತಿದ್ದಿ, ಮತ್ತೆ ಕೇಳಿ, ಆಮೇಲೆ ಪ್ರಸಾರಕ್ಕೆ ಹೋಗುತ್ತಿತ್ತು. ಲೈವ್ ಮಾತಾಡುವುದು ನನ್ನಿಂದಾಗದ ಕೆಲಸ. ಹೇಳಿದ ಮೇಲೆ ಅಳಿಸಲಾಗದ ಮಾತು ಎಂದು ನೆನೆದರೇ ಅಂಗೈ ಬೆವರುತ್ತದೆ.

ಒಂದೊಂದು ಸಂಗತಿಯನ್ನೂ ನಾನು ಮೂರು ಕಡೆ ನೋಡಿ ಖಚಿತ ಮಾಡಿಕೊಳ್ಳುತ್ತೇನೆ. ಧ್ವನಿಮುದ್ರಣ ನೋಡಿಕೊಳ್ಳುವವರನ್ನು ಕೇಂದ್ರದಲ್ಲಿ ಎಲ್ಲರೂ ಸದ್ದಣ್ಣ ಎನ್ನುತ್ತಾರೆ. ಅವರು ನನಗೆ ಇಟ್ಟ ಹೆಸರು ಸಂಶಯಕ್ಕ.

“ಸಂಶಯಕ್ಕ, ಸೂರ್ಯ ಪೂರ್ವಕ್ಕೇ ಹುಟ್ತಾನೆ ತಾನೆ? ಮೂರು ಕಡೆ ನೋಡಿದ್ರಾ?” ಎಂದು ಒಮ್ಮೆ ರೇಗಿಸಿದ್ದರು.

“ವರ್ಷಕ್ಕೆ ಎರಡು ಸಲ ಮಾತ್ರ ಸರಿಯಾಗಿ ಪೂರ್ವದಲ್ಲಿ ಹುಟ್ತಾನೆ ಸದ್ದಣ್ಣ. ಉಳಿದ ದಿನ ಸ್ವಲ್ಪ ಆ ಕಡೆ, ಇಲ್ಲಾ ಈ ಕಡೆ.”

“ನಿಮ್ಮ ಹತ್ರ ತಮಾಷೆನೂ ಮಾಡೋ ಹಾಗಿಲ್ಲವಲ್ಲ ತಾಯಿ!”

ಆ ಮಂಗಳವಾರ ಎರಡು ದಿನದ ಕಂತುಗಳನ್ನು ಒಟ್ಟಿಗೇ ಮುಗಿಸಿದ್ದೆವು, ಏಕೆಂದರೆ ಬುಧವಾರ ಇಡೀ ದಿನ ಎರಡನೇ ಸ್ಟುಡಿಯೊ ಸಂಗೀತದವರಿಗೆ ಹೋಗಿತ್ತು. ಬುಧವಾರದ ಕಂತಿನಲ್ಲಿ ಒಂದು ದೇಶದ ಹೊಟ್ಟೆಯೊಳಗೇ ಪೂರ್ತಿಯಾಗಿ ಕುಳಿತ ಇನ್ನೊಂದು ದೇಶದ ಕಥೆಯಿತ್ತು, ನೀಲಿ ಕಲ್ಲನ್ನು ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದ ಹಳೆಯ ಚಿತ್ರಕಾರರಿದ್ದರು. ಚೆನ್ನಾಗಿಯೇ ಇತ್ತು. ಆದರೆ ಗುರುವಾರದ ಕಂತಿನ ಮಟ್ಟಿಗೆ ನನಗೇ ಹೆಮ್ಮೆ. ಅದರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿತ್ತು. ಅಂದು ಸಂಜೆ ಅದು ನಮ್ಮ ಊರಿನ ನಡುನೆತ್ತಿಯ ಮೇಲೆ ಹಾದುಹೋಗುವುದಿತ್ತು. ದುರ್ಬೀನು ಬೇಡ, ಟಿಕೆಟ್ಟು ಬೇಡ, ಕತ್ತೆತ್ತಿದರೆ ಸಾಕು.

ಮನೆಗೆ ಹೊರಡಲು ಚೀಲ ಹೆಗಲಿಗೆ ಹಾಕುತ್ತಿದ್ದಾಗ ಮ್ಯಾನೇಜರ್ ಕರೆದರು. ಅವರು ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಾರೆ. ನಾನು ಒಳಗೆ ಕಾಲಿಟ್ಟಾಗಲೇ ಮುಚ್ಚಳ ಟಕ್ ಟಕ್ ಎನ್ನುತ್ತಿತ್ತು.

“ನಿಮ್ಮ ಕಾರ್ಯಕ್ರಮ ಚೆನ್ನಾಗಿಲ್ಲ ಅಂತ ಅಲ್ಲ ಮೇಡಂ. ಚೆನ್ನಾಗಿದೆ ಅಂತ ಹೇಳೋರೂ ಯಾರೂ ಇಲ್ಲ. ಒಂದು ಫೋನ್ ಇಲ್ಲ, ಒಂದು ಕಾಗದ ಇಲ್ಲ. ಮುಂದಿನ ವಾರದಿಂದ ಆ ಐದು ನಿಮಿಷಕ್ಕೆ ಹಾಡು ಹಾಕೋಣ ಅಂತಾರೆ ಯಜಮಾನರು. ನಾನೇ ಒಂದು ಸಲ ಕೇಳಿ ನೋಡಿ ಅಂದೆ. ನಾಳೆ ಬೆಳಿಗ್ಗೆ ಕಾರಲ್ಲಿ ಕೇಳ್ತಾರಂತೆ.”

ನಾನು ಸದ್ದಣ್ಣನ ಕೋಣೆಗೆ ಓಡಿದೆ. “ಎರಡೂ ಅದಲು ಬದಲು ಮಾಡಿ. ಗುರುವಾರದ್ದು ನಾಳೆ ಹೋಗಲಿ.”

“ಮೂರು ಸಲ ಯೋಚನೆ ಮಾಡಿದ್ರಾ?”

ಮಾಡಿದ್ದೆ. ಲೋಕದ ಸುದ್ದಿ ಒಂದು ದಿನ ಮುಂಚೆ ಹೋದರೆ ಸುಳ್ಳಾಗುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದ್ದೆ. ಆಗುತ್ತಿರಲಿಲ್ಲ. ನಮ್ಮಲ್ಲಿ ಹಳಸುವುದು ಸುದ್ದಿ ಮಾತ್ರ. ಕಲೆ, ಭೂಗೋಳ, ವಿಜ್ಞಾನ ಯಾವ ದಿನಕ್ಕಾದರೂ ನಡೆಯುತ್ತವೆ ಎಂಬುದು ನಮ್ಮ ಕೋಣೆಯ ಲೆಕ್ಕಾಚಾರ. ವರ್ಷಗಟ್ಟಲೆ ಹಾಗೆಯೇ ನಡೆದಿತ್ತು. ಅಕ್ಟೋಪಸ್‌ಗೆ ಬುಧವಾರವೂ ಮೂರೇ ಹೃದಯ, ಗುರುವಾರವೂ ಮೂರೇ.

ಬುಧವಾರ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ನಿಂತು ರೇಡಿಯೊ ಹಾಕಿದರು. ಖಂಡಿತವಾಗಿ ಕೇಳುತ್ತಾರೆಂದು ನನಗೆ ಗೊತ್ತಿದ್ದ ಏಕೈಕ ಶ್ರೋತೃ ಅವರೇ. ಕೇಳಿ ಸುಮ್ಮನಿರುವವರಲ್ಲ. “ಆ ಮೂರು ಹೃದಯದ್ದು ಇವತ್ತೆಲ್ಲ ತಲೆ ತಿಂತು. ಒಂದನ್ನ ಇಟ್ಕೊಂಡೇ ನಮಗೆ ಸಾಕಾಗಿದೆ” ಎಂದು ಸಂಜೆ ಒಪ್ಪಿಸುವವರು. ರೇಡಿಯೊದಲ್ಲಿ ನನ್ನ ದನಿ ಬಂತು:

“ಇಂದು ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ವಾಯವ್ಯಕ್ಕೆ ಮುಖ ಮಾಡಿ ನಿಲ್ಲಿ. ಮಿನುಗದ, ಸದ್ದಿಲ್ಲದ ಒಂದು ಬೆಳಕಿನ ಚುಕ್ಕೆ ಮೇಲೇರಿ ಬರುತ್ತದೆ. ಅದರೊಳಗೆ ಮನುಷ್ಯರಿದ್ದಾರೆ.”

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. “ನಿಜವಾಗ್ಲೂ ಇದಾರೇನೆ?”

“ಇದಾರೆ ಅತ್ತೆ. ಅವರು ಕಾಣಲ್ಲ, ಅವರ ಮನೆ ಕಾಣತ್ತೆ.”

“ಮನೆ ಕಂಡ್ರೆ ಸಾಕು ಬಿಡು. ದೀಪ ಹಚ್ಚಿದಾರೆ ಅಂದ್ಮೇಲೆ ಒಳಗೆ ಜನ ಇದ್ದೇ ಇರ್ತಾರೆ.”

“ಅದು ದೀಪ ಅಲ್ಲ, ಬಿಸಿಲು. ನಮಗಿಲ್ಲಿ ಕತ್ತಲಾದ್ರೂ ಅಷ್ಟು ಮೇಲೆ ಇನ್ನೂ ಬಿಸಿಲಿರತ್ತೆ.”

“ಕೈ ಬೀಸಿದ್ರೆ ಅವರಿಗೆ ಗೊತ್ತಾಗತ್ತಾ?”

“ಇಲ್ಲ ಅತ್ತೆ.”

“ನಾನಂತೂ ಬೀಸೋಳೇ” ಎಂದು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನಾನು ಬಸ್ಸು ಹತ್ತುವಷ್ಟರಲ್ಲಿ ನಮ್ಮ ಕಟ್ಟಡದ ನಾಲ್ಕೂ ಮಹಡಿಗೆ ಸುದ್ದಿ ಮುಟ್ಟಿತ್ತು.

ಕೇಂದ್ರಕ್ಕೆ ಹೋದರೆ ಸ್ವಾಗತದ ಮೇಜಿನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಒಬ್ಬ ಮೇಷ್ಟ್ರು ಮಕ್ಕಳನ್ನು ಮೈದಾನಕ್ಕೆ ಕರೆತರುವವರಿದ್ದರು. ಕ್ಷೌರದಂಗಡಿಯವರೊಬ್ಬರು, ಅರ್ಧ ಗಡ್ಡದ ಗಿರಾಕಿಯನ್ನೂ ಕುರ್ಚಿಯಿಂದ ಎಬ್ಬಿಸಿ ಹೊರಗೆ ನಿಲ್ಲಿಸುತ್ತೇನೆ ಎಂದರು. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು? ಕೇಳುತ್ತಲೇ ಇದ್ದರಂತೆ. ಫೋನು ಮಾಡುವಂಥದ್ದೇನೂ ನಾನು ಹೇಳಿರಲಿಲ್ಲ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಒಬ್ಬಳ ಕರೆ ಬಂತು. ಹಿಂದೆ ಹೊಲಿಗೆ ಯಂತ್ರಗಳ ಗದ್ದಲ.

“ಅಕ್ಕಾ, ಬಟ್ಟೆ ಕಾರ್ಖಾನೆಯಿಂದ ಮಾತಾಡ್ತಿದೀನಿ. ಕಾಲರ್ ಹೊಲಿಯೋ ಸಾಲಿನವಳು. ಬೆಳಿಗ್ಗೆ ಕಂಪನಿ ಬಸ್ಸಲ್ಲಿ ನಾವು ದಿನಾ ನಿಮ್ಮದೇ ಕೇಳೋದು. ನೀವು ಹೇಳಿದ ನಾಲ್ಕರಲ್ಲಿ ಒಂದನ್ನ ಮಧ್ಯಾಹ್ನದೊಳಗೆ ಮರೆತೋಳು ಎಲ್ಲರ ತಟ್ಟೆ ತೊಳೀಬೇಕು!”

“ನೀವು ತೊಳೆದಿದೀರಾ?”

“ಅಯ್ಯೋ, ನನ್ನ ಕೈ ಸವೆದುಹೋಗಿದೆ! ಕೇಳಿ ಅಕ್ಕ, ಈ ವಾರ ಓವರ್‌ಟೈಮು, ಕತ್ತಲಾದ ಮೇಲೂ ಬಿಡಲ್ಲ. ಸೂಪರ್‌ವೈಸರ್ ಕಾಲು ಹಿಡಿಯೋದೊಂದು ಬಾಕಿ, ಇವತ್ತು ಹತ್ತು ನಿಮಿಷ ಅಂಗಳಕ್ಕೆ ಬಿಡ್ತೀನಿ ಅಂದಿದಾರೆ. ‘ಏನೂ ಕಾಣ್ಲಿಲ್ಲ ಅಂದ್ರೆ ಇನ್ನು ನೀರು ಕುಡಿಯೋಕೂ ಏಳ್ಬೇಡಿ’ ಅಂತನೂ ಅಂದಿದಾರೆ. ಅದಕ್ಕೇ ಕೇಳ್ತಿದೀನಿ. ಅಂಗಳದ ಆ ಕಡೆ ಎತ್ತರದ ನೀರಿನ ಟ್ಯಾಂಕಿದೆ. ಅದರ ಬಲಕ್ಕೆ ನಿಲ್ಲೋದಾ, ಎಡಕ್ಕಾ?”

“ಒಂದು ನಿಮಿಷ” ಎಂದು ನಾನು ನಿಲ್ದಾಣದ ಹಾದಿಯ ಪಟ್ಟಿಯನ್ನು ಪರದೆಯ ಮೇಲೆ ತೆರೆದೆ. ಹೊತ್ತು ಸರಿಯಾಗಿತ್ತು. ದಿಕ್ಕು ಸರಿಯಾಗಿತ್ತು. ಎತ್ತರ ಸರಿಯಾಗಿತ್ತು. ಸಾಲಿನ ಮೊದಲ ಮನೆಯಲ್ಲಿ ಗುರುವಾರ ಎಂದಿತ್ತು.

ಬುಧವಾರದ ಸಾಲು ಅದರ ಮೇಲೇ ಇತ್ತು. ಬುಧವಾರ ನಿಲ್ದಾಣ ದಿಗಂತದ ಅಂಚಿನಲ್ಲಿ ಒಮ್ಮೆ ಇಣುಕಿ ಹೋಗಿಬಿಡುತ್ತದೆ. ನಮ್ಮ ಊರಿನ ಕಟ್ಟಡಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

“ಅಕ್ಕಾ? ಬಲಕ್ಕಾ?”

“ಆಮೇಲೆ ಹೇಳ್ತೀನಮ್ಮ” ಎಂದೆ.

ರಿಸೀವರ್ ಇಟ್ಟದ್ದೇ ತಡ, ಮ್ಯಾನೇಜರ್ ಓಡುತ್ತಾ ಬಂದರು. ಅವರು ಓಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. “ಮೇಡಂ! ಯಜಮಾನರ ಫೋನು! ಮೊಮ್ಮಕ್ಕಳನ್ನೆಲ್ಲ ಕಟ್ಕೊಂಡು ಮಾಳಿಗೆ ಹತ್ತುತ್ತಾರಂತೆ. ‘ಈ ಹೆಂಗಸನ್ನ ಎಲ್ಲಿ ಬಚ್ಚಿಟ್ಟಿದ್ರಿ’ ಅಂತ ಕೇಳಿದ್ರು!”

“ಸಾರ್, ಅದು ನಾಳೆ.”

“ಏನು ನಾಳೆ?”

“ಬರೋದು. ನಾಳೆ ಬರೋದು. ಕಂತು ಅದಲು ಬದಲು ಮಾಡಿದಾಗ ಇದನ್ನ ನೋಡ್ಲಿಲ್ಲ.”

ಅವರು ಜೇಬಿನಿಂದ ಪೆನ್ನು ತೆಗೆದರು, ಮುಚ್ಚಳ ತೆರೆದರು, ಮುಚ್ಚುವುದನ್ನು ಮರೆತರು. ಅಂಗಿಗೆ ಶಾಯಿ ಹತ್ತುವುದನ್ನು ನಾನು ನೋಡುತ್ತಲೇ ಇದ್ದೆ.

“ಮೋಡ?” ಎಂದರು ಕೊನೆಗೆ. “ಸಂಜೆ ಮೋಡ ಬಂದ್ರೆ?”

“ಒಂದು ಚೂರೂ ಇಲ್ಲ ಸಾರ್.”

ಬಾಗಿಲಿಗೆ ಒರಗಿ ನಿಂತಿದ್ದ ಸದ್ದಣ್ಣ ಗಂಟಲು ಸರಿಮಾಡಿಕೊಂಡರು. “ವಿಮಾನ ನಿಲ್ದಾಣ ಆ ಕಡೆನೇ ಇರೋದು. ಆ ಹೊತ್ತಿಗೆ ಒಂದಲ್ಲ ಒಂದು ವಿಮಾನ ಏರತ್ತೆ. ಜನ ಅದನ್ನೇ ನೋಡ್ತಾರೆ, ಕೈ ಬೀಸ್ತಾರೆ, ಮನೆಗೆ ಹೋಗ್ತಾರೆ. ಯಾರಿಗೆ ಗೊತ್ತಾಗತ್ತೆ?”

ಮ್ಯಾನೇಜರ್ ಮುಖಕ್ಕೆ ಕಳೆ ಮರಳಿತು. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಹಾಯೆನಿಸಿತು. ಸುಮ್ಮನಿದ್ದರೆ ಸಾಕಿತ್ತು. ಕಾರ್ಯಕ್ರಮ ಉಳಿಯುತ್ತಿತ್ತು. ಆದರೆ ವಿಮಾನಕ್ಕೆ ಕೈ ಬೀಸಿ ಬಂದ ಅತ್ತೆಯ ಎದುರು ನಾನು ರಾತ್ರಿ ಊಟಕ್ಕೆ ಕೂರಬೇಕಾಗಿತ್ತು. ಕಾಲರ್ ಸಾಲಿನ ಆ ಹೆಂಗಸರು ನಾನು ಹೇಳಿದ ನಾಲ್ಕರಲ್ಲಿ ಒಂದೆಂದು ಆ ವಿಮಾನವನ್ನೇ ನೆನಪಿಟ್ಟುಕೊಂಡು ಒಪ್ಪಿಸುತ್ತಿದ್ದರು.

“ಆಗಲ್ಲ ಸಾರ್. ತಪ್ಪಾಗಿದೆ ಅಂತ ಹೇಳಬೇಕು.”

“ತಪ್ಪು ಅನ್ನಬೇಡಿ ಮೇಡಂ! ‘ಕಾರಣಾಂತರಗಳಿಂದ ನಾಳೆಗೆ ಮುಂದೂಡಲಾಗಿದೆ’ ಅನ್ನಿ.”

“ಅದೇನು ನಾಟಕ ಪ್ರದರ್ಶನಾನಾ ಸಾರ್? ಅದು ಯಾರು ಮುಂದೂಡಿದ್ರೂ ನಿಲ್ಲಲ್ಲ.”

ಸದ್ದಣ್ಣ ನಕ್ಕುಬಿಟ್ಟರು. ಮ್ಯಾನೇಜರ್ ನಗಲಿಲ್ಲ. “ಆಗಲಿ, ಹೇಳಿ. ಆದ್ರೆ ಐದು ಗಂಟೆಗೆ, ಹಾಡಿನ ಮಧ್ಯೆ. ಮತ್ತೆ ಎರಡನೇ ಸ್ಟುಡಿಯೊ ಖಾಲಿ ಇಲ್ಲ. ಒಂದನೇದರಲ್ಲಿ ಕೂತು ಲೈವ್ ಹೇಳಬೇಕು.” ನನ್ನ ಮುಖ ನೋಡಿ ದನಿ ಇಳಿಸಿದರು. “ಇಲ್ಲಾಂದ್ರೆ ಸುಮ್ಮನಿರಿ. ನಾನು ಬಲವಂತ ಮಾಡಲ್ಲ.”

ನಾನು ಕಿಟಕಿಯ ಬಳಿ ಹೋಗಿ ನಿಂತೆ. ತಪ್ಪೊಪ್ಪಿಕೊಂಡರೆ ನನ್ನ ಮನಸ್ಸು ಹಗುರಾದೀತು, ಆದರೆ ಆ ಹತ್ತು ನಿಮಿಷ? ಸೂಪರ್‌ವೈಸರ್ ಇವತ್ತಿಗೆ ಕೊಟ್ಟದ್ದು ಅದು. ಮೈದಾನಕ್ಕೆ ಬರುವ ಮಕ್ಕಳು, ಅರ್ಧ ಗಡ್ಡದ ಗಿರಾಕಿ, ಇವರೆಲ್ಲ ಖಾಲಿ ಆಕಾಶ ನೋಡಿ ಒಳಗೆ ಹೋಗಬೇಕೆ? ಖಾಲಿ ಎಂದುಕೊಂಡೊಡನೆ ನನಗೆ ನಗು ಬಂತು. ಆಕಾಶ ಯಾವಾಗ ಖಾಲಿಯಿತ್ತು? ಅಮಾವಾಸ್ಯೆ ಕಳೆದು ಇನ್ನೂ ಮೂರು ದಿನವಾಗಿರಲಿಲ್ಲ. ಓಡಿಹೋಗಿ ಪರದೆಯ ಮುಂದೆ ಕುಳಿತೆ. ಒಂದು ಕಡೆ ನೋಡಿದೆ. ಎರಡು ಕಡೆ ನೋಡಿದೆ. ಮೂರನೆಯ ಕಡೆ ನೋಡುವಾಗ ಇಂದಿನ ದಿನಾಂಕವನ್ನು ಬೆರಳಿಟ್ಟು ಓದಿದೆ.

ಒಂದನೇ ಸ್ಟುಡಿಯೊ ಚಿಕ್ಕದು. ಗೋಡೆಗೆಲ್ಲ ಸದ್ದು ಹೀರುವ ಮೆತ್ತೆ. ಅಲ್ಲಿ ನಮ್ಮ ಉಸಿರೂ ನಮಗೆ ಜೋರಾಗಿ ಕೇಳುತ್ತದೆ. ಗಾಜಿನಾಚೆ ಸದ್ದಣ್ಣ ಕೈಯೆತ್ತಿದರು. ಕೆಂಪು ದೀಪ ಹೊತ್ತಿಕೊಂಡಿತು. ನಾನು ಬರೆದುಕೊಂಡಿದ್ದ ಹಾಳೆ ಮೈಕಿನ ಮುಂದೆ ಒಣಗಿದ ಎಲೆಯ ಹಾಗೆ ಪಟಪಟ ಎನ್ನತೊಡಗಿತು. ಸದ್ದಣ್ಣ ಹಣೆ ಚಚ್ಚಿಕೊಂಡು, ಕೆಳಗಿಡಿ ಎಂದು ಕೈಸನ್ನೆ ಮಾಡಿದರು. ಇಟ್ಟೆ. ಈಗ ನೋಡಿ ಓದಲು ಏನೂ ಇರಲಿಲ್ಲ.

“ಬೆಳಗಿನ ನಾಲ್ಕನ್ನು ಹೇಳುವವಳು ನಾನು. ಈ ಹೊತ್ತಿನಲ್ಲಿ ನಾನು ಬರೋದಿಲ್ಲ, ಲೈವ್ ಮಾತಾಡಿಯೂ ಗೊತ್ತಿಲ್ಲ. ಬೆಳಿಗ್ಗೆ ನಿಮಗೊಂದು ತಪ್ಪು ಹೇಳಿದೆ. ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆಯ ಮೇಲೆ ಬರೋದು ನಾಳೆ ಸಂಜೆ, ಇವತ್ತಲ್ಲ. ಗುರುವಾರದ ಮಾತನ್ನ ಬುಧವಾರ ಕೇಳಿಸಿಬಿಟ್ಟೆ. ತಪ್ಪು ನನ್ನದೇ.”

ಗಾಜಿನಾಚೆ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡಿದ್ದರು. ನಾನು ಅವರ ಅಂಗಿಯ ಶಾಯಿಯ ಕಲೆಯನ್ನು ನೋಡುತ್ತಾ ಮುಂದುವರಿದೆ.

“ಆದರೆ ಇವತ್ತು ಹತ್ತು ನಿಮಿಷ ಬಿಡುವು ಸಿಕ್ಕಿರೋರು ದಯವಿಟ್ಟು ಅದನ್ನ ಬಿಟ್ಟುಕೊಡಬೇಡಿ. ಹೊತ್ತು ಮುಳುಗಿದ ಮೇಲೆ ಪಶ್ಚಿಮಕ್ಕೆ ನೋಡಿ. ಎಳೆ ಚಂದ್ರ ಇದಾನೆ, ಉಗುರಿನ ಅಂಚಿನಷ್ಟು. ಅಲ್ಲಿಗೇ ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ಹೊತ್ತು ನೋಡಿ. ಆ ಗೆರೆಯ ಮಗ್ಗುಲಲ್ಲಿ ಚಂದ್ರನ ಕತ್ತಲ ಭಾಗವೂ ಬೂದಿ ಬಣ್ಣದಲ್ಲಿ ಮಂಕಾಗಿ ಕಾಣತ್ತೆ. ಅಲ್ಲಿ ಬಿಸಿಲಿಲ್ಲ. ಆ ಬೆಳಕು ನಮ್ಮದು. ನಮ್ಮ ಭೂಮಿಯ ಕಡಲು, ಮೋಡಗಳ ಮೇಲೆ ಬಿದ್ದ ಬಿಸಿಲು ಚಂದ್ರನಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬರತ್ತೆ. ಇದನ್ನ ಐನೂರು ವರ್ಷಗಳ ಹಿಂದೆ ಸರಿಯಾಗಿ ವಿವರಿಸಿದವರಲ್ಲಿ ಒಬ್ಬ ಚಿತ್ರಕಾರ. ನೋಡಿ ನೋಡಿ ಕಂಡುಕೊಂಡ. ಮತ್ತೆ, ಬಟ್ಟೆ ಕಾರ್ಖಾನೆಯ ಕಾಲರ್ ಸಾಲಿನೋರೇ, ನೀರಿನ ಟ್ಯಾಂಕು ಪಶ್ಚಿಮಕ್ಕೆ ಅಡ್ಡ ಬಂದರೆ ಅದರಿಂದ ಈಚೆ ಸರಿದು ನಿಲ್ಲಿ.”

ಕೆಂಪು ದೀಪ ಆರಿತು. ಸದ್ದಣ್ಣ ಒಳಗೆ ಬಂದು ನನ್ನ ಮುಂದೆ ನೀರಿನ ಲೋಟ ಇಟ್ಟರು. “ಒಂದು ಕಡೆನೂ ತಡವರಿಸಲಿಲ್ಲ ಸಂಶಯಕ್ಕ. ಇಷ್ಟು ದಿನ ನನ್ನ ಕೈಲಿ ಅಷ್ಟೊಂದು ತಿದ್ದಿಸಿದ್ದು ಯಾಕೆ?”

ಮ್ಯಾನೇಜರ್ ಅಂಗಿಯ ಕಲೆ ತೊಳೆಯಲು ನಲ್ಲಿಯ ಕಡೆ ಹೋದರು. ಯಜಮಾನರಿಂದ ಫೋನು ಬರಲಿಲ್ಲ.

ಸಂಜೆ ನಮ್ಮ ಕಟ್ಟಡದ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಜನಕ್ಕೆ ಗೊತ್ತಿತ್ತು, ಅರ್ಧಕ್ಕೆ ಗೊತ್ತಿರಲಿಲ್ಲ. ನಾಲ್ಕನೇ ಮಹಡಿಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ, “ಏನಮ್ಮಾ ರೇಡಿಯೊ, ನಿನ್ನ ನಿಲ್ದಾಣ ತಡವಾಗಿ ಬರ್ತಿದೆಯಂತೆ?” ಎಂದರು.

“ಅದು ತಡ ಅಲ್ಲಪ್ಪಾ, ನಮ್ಮ ಸೊಸೆ ಬೇಗ” ಎಂದರು ಅತ್ತೆ, ಆಕಾಶದಿಂದ ಕಣ್ಣು ಕೀಳದೆ. “ಸುಮ್ನೆ ಚಂದ್ರನ್ನ ನೋಡಿ. ಆ ಕಪ್ಪಲ್ಲಿ ನಮ್ಮ ಬೆಳಕಿದೆಯಂತೆ.”

ಅವರು ನೋಡಿದರು. ಎಲ್ಲರೂ ನೋಡಿದರು. ಎಳೆಯ ಗೆರೆಯ ತೋಳಲ್ಲಿ ಮಲಗಿದ ಹಾಗೆ ಆ ಮಸುಕು ದುಂಡು ನಿಧಾನವಾಗಿ ಎದ್ದು ಬಂತು. ಮೊದಲು ಒಂದು ಮಗು “ಕಂಡಿತು!” ಎಂದಿತು. ಆಮೇಲೆ ಇನ್ನೊಂದು ಮೂಲೆಯಿಂದ, ಪಕ್ಕದ ತಾರಸಿಯಿಂದ, ಅದರಾಚೆಯ ತಾರಸಿಯಿಂದ.

ಗುರುವಾರ ನಾನು ಕೇಂದ್ರದೊಳಗೆ ಕಾಲಿಡುವಾಗಲೇ ಸ್ವಾಗತದ ಮೇಜಿನ ಫೋನು ಬಡಿದುಕೊಂಡಿತು. ಎತ್ತಿದರೆ ಮತ್ತೆ ಹೊಲಿಗೆ ಯಂತ್ರಗಳ ಗದ್ದಲ.

“ಅಕ್ಕಾ, ನಿನ್ನೆ ಟೀ ಹೊತ್ತಲ್ಲಿ ನಿಮ್ಮ ಮಾತು ಫೋನಲ್ಲಿ ಹಾಕ್ಕೊಂಡು ಕೇಳಿದ್ವಿ. ಸೂಪರ್‌ವೈಸರ್ ಕಥೆ ಕೇಳಿ! ನಾವೆಲ್ಲ ಒಳಗೆ ಬಂದ್ವಿ, ಅವರು ಬರ್ಲೇ ಇಲ್ಲ. ಹೋಗಿ ನೋಡಿದ್ರೆ ಟ್ಯಾಂಕಿನ ಹತ್ರ ಕತ್ತೆತ್ತಿಕೊಂಡು ನಿಂತಿದಾರೆ. ಇವತ್ತೂ ಬಿಡ್ತಾರಂತೆ. ಆದ್ರೆ ಅಕ್ಕಾ, ಇವತ್ತು ಬರತ್ತಲ್ವಾ?”

“ಬರತ್ತೆ.”

“ಮೂರು ಕಡೆ ನೋಡಿದೀರಾ?” ಹಿಂದಿನಿಂದ ಹತ್ತಾರು ಹೆಂಗಸರು ಗೊಳ್ಳೆಂದು ನಕ್ಕರು. ನನ್ನ ಅಭ್ಯಾಸ ಅವರಿಗೆ ಹೇಗೆ ಗೊತ್ತಾಯಿತು? ಗಾಜಿನಾಚೆ ತಮ್ಮ ಕೋಣೆಯಲ್ಲಿ ಸದ್ದಣ್ಣ ಮೇಜಿನ ಕೆಳಗೆ ಏನನ್ನೋ ಹುಡುಕುವ ನಟನೆ ಮಾಡುತ್ತಿದ್ದರು.

ಮ್ಯಾನೇಜರ್ ಕರೆದು ಕೂರಿಸಿದರು. ಹೊಸ ಅಂಗಿ, ಪೆನ್ನು ಮೇಜಿನ ಮೇಲೆ. “ಯಜಮಾನರು ನಿನ್ನೆ ಚಂದ್ರನ್ನ ನೋಡಿದ್ರಂತೆ. ಆದ್ರೆ ಮೊಮ್ಮಗ ಅತ್ತನಂತೆ, ನಿಲ್ದಾಣನೇ ಬೇಕು ಅಂತ. ‘ಇವತ್ತು ಬರಲಿ, ಆಮೇಲೆ ಮಾತಾಡೋಣ’ ಅಂದಿದಾರೆ.” ಅವರು ಪೆನ್ನಿನ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡರು. “ಬರತ್ತಲ್ವಾ ಮೇಡಂ?”

ಆ ಸಂಜೆ ನಾನು ತಾರಸಿಯ ಮೂಲೆಯಲ್ಲಿ, ಎಲ್ಲರಿಗಿಂತ ಹಿಂದೆ ನಿಂತೆ. ವಾಯವ್ಯದಲ್ಲಿ ಒಂದು ಮಬ್ಬು ಎದ್ದಿತ್ತು. ಅದು ಹೊಗೆಯೋ ಮೋಡವೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ವಿಮಾನ ಏರಿತು, ಕೆಂಪು ಹಸಿರು ಮಿನುಗುತ್ತಾ. “ಅದಾ?” ಎಂದರು ನಾಲ್ಕನೇ ಮಹಡಿಯ ಆ ಹಿರಿಯರು. “ಅಲ್ಲ, ಅದು ಮಿನುಗತ್ತೆ. ನಮ್ಮದು ಮಿನುಗಲ್ಲ” ಎಂದಿತು ಯಾರದೋ ಮಗು, ನನ್ನ ದನಿಯನ್ನೇ ಅಣಕಿಸುವ ಹಾಗೆ. ಹೇಳಿದ ಹೊತ್ತು ಬಂತು. ಏನೂ ಇಲ್ಲ.

ಆಗ ಆ ಮಬ್ಬಿನ ಮೇಲಿಂದ ಅದು ಹೊರಬಂತು.

ನಾನು ಎಷ್ಟೋ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅಷ್ಟು ಬೆಳಕಿರುತ್ತದೆಂದು ಗೊತ್ತಿರಲಿಲ್ಲ, ಅಷ್ಟು ನಿಶ್ಶಬ್ದವಾಗಿರುತ್ತದೆಂದೂ ಗೊತ್ತಿರಲಿಲ್ಲ. ಯಾರೋ ದಾರ ಹಿಡಿದು ಒಂದೇ ಸಮನೆ ಎಳೆದಂತೆ ಅದು ಏರಿತು, ಏರಿ ನಮ್ಮ ನೆತ್ತಿಗೆ ಬಂತು. ತಾರಸಿ ತಾರಸಿಗಳಿಂದ ಕೂಗು ಎದ್ದಿತು. ಕೆಳಗೆ ಬೀದಿಯಲ್ಲಿ ಒಂದು ಬಸ್ಸು ನಿಂತು ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದರು. ಅತ್ತೆ ಎರಡೂ ಕೈಯೆತ್ತಿ, ಹೊರಟ ರೈಲಿಗೆ ಬೀಸುವಂತೆ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೇನೆಂದು ಭುಜ ನೋಯುವ ತನಕ ತಿಳಿಯಲಿಲ್ಲ.

ಕೈಯಲ್ಲಿದ್ದ ಫೋನು ನಡುಗಿತು. “ಕಾಣ್ತು ಮೇಡಂ!” ಮ್ಯಾನೇಜರ್ ಕಿರುಚುತ್ತಿದ್ದರು. “ಯಜಮಾನರದ್ದೂ ಕರೆ ಬಂತು! ಐದು ನಿಮಿಷ ನಿಮ್ಮದೇ. ಆದ್ರೆ ಒಂದು ಷರತ್ತು. ನಿನ್ನೆ ಸಂಜೆ ಮಾತಾಡಿದ ಹಾಗೇ ಇರಬೇಕಂತೆ. ನಾಳೆಯಿಂದ ಲೈವ್!”

ಅಂಗೈ ಬೆವರಿತು. ಫೋನು ಜಾರದಂತೆ ಸೆರಗಿಗೆ ಒರೆಸಿಕೊಂಡೆ.

ಆಗ್ನೇಯದ ಕಡೆ ಇಳಿಯುತ್ತಿದ್ದ ಬೆಳಕು ನಡುದಾರಿಯಲ್ಲೇ ಕೆಂಪಾಗಿ, ಮಸುಕಾಗಿ, ಆರಿಹೋಯಿತು. ಭೂಮಿಯ ನೆರಳನ್ನು ಹೊಕ್ಕಿತ್ತು.

“ದೀಪ ಆರಿಸಿದ್ರು. ಮಲಗ್ತಾರೆ ಪಾಪ” ಎಂದರು ಅತ್ತೆ, ಕೈ ಇಳಿಸಿ.

“ಮಲಗೋದೆಲ್ಲಿ ಅತ್ತೆ, ಇನ್ನು ಅರ್ಧ ಗಂಟೆ ಕಳೆದ್ರೆ ಅವರಿಗೆ ಮತ್ತೆ ಬೆಳಗಾಗತ್ತೆ. ಒಂದು ದಿನಕ್ಕೆ ಹದಿನಾರು ಬೆಳಗು ಅವರಿಗೆ.”

“ಹದಿನಾರಾ?” ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನಗೆ ಒಂದು ಬೆಳಗಿಗೇ ಕೈ ಬೆವರ್ತಿದೆ. ಬಾ ಕೆಳಗೆ, ಊಟ ಮಾಡಿ ನಾಳೆದು ಯೋಚನೆ ಮಾಡು. ದಿನ ಯಾವುದು ಅಂತ ನಾನು ನೋಡ್ಕೋತೀನಿ.”